ಪಾಠದ ಅಂಗಡಿಗೆ ಬ್ಲಾಗಿನ ಜಗಲಿ

ಅಂತರಜಾಲದಲ್ಲಿ ಬೋಧನ ಸಾಮಗ್ರಿ ಮಾರುವ ಶಿಕ್ಷಕರು ಬ್ಲಾಗ್ ಬರೆಯಬೇಕೆ? ಬರೆಯುವುದಾದರೆ ಏನನ್ನು, ಹೇಗೆ, ಯಾರಿಗಾಗಿ? ಮೇಲ್ನೋಟಕ್ಕೆ ಇದು ಸಣ್ಣ ವ್ಯಾಪಾರದ ಪ್ರಶ್ನೆ. ಕೆದಕುತ್ತ ಹೋದರೆ ಶಿಕ್ಷಕರ ಸಂಬಳ, ಪಠ್ಯಕ್ರಮದ ಗುಣಮಟ್ಟ, ಕೃತಿಸ್ವಾಮ್ಯ, ಮಕ್ಕಳ ಖಾಸಗಿತನ, ಹಂಚಿಕೊಂಡು ಬಾಳುವ ವೃತ್ತಿಧರ್ಮ ಎಲ್ಲವೂ ಇದರೊಳಗೆ ಬಂದು ಸೇರುತ್ತವೆ. ಈ ವ್ಯವಹಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅದರ ಲಾಭನಷ್ಟಗಳನ್ನು ಅಳೆಯಬೇಕಾದರೆ ಅಲ್ಲಿಂದಲೇ ತೊಡಗಬೇಕು.

ಮಾರುಕಟ್ಟೆ ಹುಟ್ಟಿದ ಬಗೆ

ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಪಾಲ್ ಎಡೆಲ್‌ಮನ್ 2006ರಲ್ಲಿ 'ಟೀಚರ್ಸ್ ಪೇ ಟೀಚರ್ಸ್' ಎಂಬ ತಾಣವನ್ನು ಆರಂಭಿಸಿದರು. ಹೆಸರೇ ಹೇಳುವಂತೆ ಇಲ್ಲಿ ಮಾರುವವರೂ ಶಿಕ್ಷಕರು, ಕೊಳ್ಳುವವರೂ ಶಿಕ್ಷಕರು. ಕೆಲಕಾಲ ಸ್ಕೊಲಾಸ್ಟಿಕ್ ಪ್ರಕಾಶನದ ಕೈಗೆ ಹೋದ ತಾಣ 2009ರಲ್ಲಿ ಮತ್ತೆ ಎಡೆಲ್‌ಮನ್ ಅವರಿಗೇ ಬಂತು. 2023ರಲ್ಲಿ ಐಎಕ್ಸ್‌ಎಲ್ ಲರ್ನಿಂಗ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು. ಬ್ರಿಟನ್ನಿನಲ್ಲಿ ಟೆಸ್ ತಾಣ ಇದೇ ಬಗೆಯ ಮಾರಾಟಕ್ಕೆ ಅವಕಾಶ ಕೊಟ್ಟಿತು. ಶೆಫೀಲ್ಡ್‌ನಲ್ಲಿ 2010ರಲ್ಲಿ ಶುರುವಾದ ಟ್ವಿಂಕಲ್ ಬೇರೆ ದಾರಿ ಹಿಡಿದು, ಸಾಮಗ್ರಿಯನ್ನು ತಾನೇ ತಯಾರಿಸಿ ಚಂದಾ ಪಡೆದು ಕೊಡುತ್ತ ಬಂದಿದೆ.

ಶಿಕ್ಷಕರು ಸ್ವಂತ ಹಣ ಕೊಟ್ಟು ಪಾಠ ಕೊಳ್ಳುತ್ತಾರೆಯೇ ಎಂಬ ಸಂದೇಹ ನಮ್ಮಲ್ಲಿ ಏಳುವುದು ಸಹಜ. ಅಮೆರಿಕದ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಲೆಕ್ಕದಂತೆ, 2014–15ರ ಶಾಲಾ ವರ್ಷದಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳ ಶೇ. 94ರಷ್ಟು ಶಿಕ್ಷಕರು ತರಗತಿಗಾಗಿ ತಮ್ಮ ಜೇಬಿನಿಂದ ಖರ್ಚು ಮಾಡಿದ್ದರು. ಹಾಗೆ ಖರ್ಚು ಮಾಡಿದವರ ಸರಾಸರಿ ಮೊತ್ತ 479 ಡಾಲರ್. ಈ ಖರ್ಚಿಗೆಂದೇ ಅಲ್ಲಿನ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. 2002ರಿಂದ ಅದರ ಮಿತಿ 250 ಡಾಲರ್ ಇತ್ತು, 2022ರಲ್ಲಿ 300 ಆಯಿತು. ಕೊಳ್ಳುವ ರೂಢಿ ಮೊದಲೇ ಇತ್ತು. ಬಣ್ಣದ ಕಾಗದ, ಪೆನ್ಸಿಲ್, ಚಾರ್ಟುಗಳಿಗೆ ಹೋಗುತ್ತಿದ್ದ ಹಣದ ಒಂದು ಪಾಲು ಸಿದ್ಧ ಪಾಠಗಳ ಕಡೆ ತಿರುಗಿತು, ಅಷ್ಟೆ.

ಎರಡನೆಯ ತಳ್ಳು ಬಂದದ್ದು 2010ರಲ್ಲಿ. ಭಾಷೆ ಮತ್ತು ಗಣಿತಕ್ಕೆ 'ಕಾಮನ್ ಕೋರ್' ಎಂಬ ಸಮಾನ ಕಲಿಕಾ ಮಾನದಂಡಗಳು ಹೊರಬಂದು, 40ಕ್ಕೂ ಹೆಚ್ಚು ರಾಜ್ಯಗಳು ಅವನ್ನು ಒಪ್ಪಿಕೊಂಡವು. ಹೊಸ ಮಾನದಂಡಕ್ಕೆ ಹೊಂದುವ ಪಠ್ಯ ಪ್ರಕಾಶಕರ ಬಳಿ ಕೂಡಲೇ ಇರಲಿಲ್ಲ, ನಾಳೆಯ ಪಾಠವನ್ನು ಮಾತ್ರ ಮುಂದೂಡುವಂತಿರಲಿಲ್ಲ. ಆ ನಡುವಿನ ತೆರಪನ್ನು ಮಾರುಕಟ್ಟೆಯ ಶಿಕ್ಷಕರು ತುಂಬಿದರು. ಜಾರ್ಜಿಯಾ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕಿ ಡಿಯಾನಾ ಜಂಪ್ 2012ರಲ್ಲಿ ಹತ್ತು ಲಕ್ಷ ಡಾಲರ್ ಮಾರಾಟ ದಾಟಿದ ಮೊದಲಿಗರಾಗಿ ಸುದ್ದಿಯಾದರು. ಆಕೆಗೆ ತನ್ನದೇ ಬ್ಲಾಗ್ ಇತ್ತು. ಅಲ್ಲಿಂದ ಮುಂದೆ 'ಅಂಗಡಿ ಇದ್ದರೆ ಬ್ಲಾಗೂ ಇರಬೇಕು' ಎಂಬುದು ಮಾರುವವರ ನಡುವೆ ನಾಣ್ಣುಡಿಯಂತೆ ಹರಡಿತು.

ಬ್ಲಾಗು ಬೇಕಾದದ್ದು ಏಕೆ?

ಮೊದಲ ಕಾರಣ ಸಂಖ್ಯೆ. ಟೀಚರ್ಸ್ ಪೇ ಟೀಚರ್ಸ್ ತಾಣದಲ್ಲಿರುವ ಸಾಮಗ್ರಿ ಮೂವತ್ತು ಲಕ್ಷ ಮೀರಿದೆ ಎಂದು ಕಂಪನಿ ಹೇಳಿಕೊಂಡು ವರ್ಷಗಳೇ ಆದವು. ಅಷ್ಟರ ನಡುವೆ ಹೊಸಬರ ಒಂದು ಗುಣಾಕಾರದ ಹಾಳೆ ಯಾರ ಕಣ್ಣಿಗೆ ಬೀಳಬೇಕು? ತಾಣದ ಒಳಗಿನ ಹುಡುಕಾಟ ಈಗಾಗಲೇ ಮಾರಾಟವಾದದ್ದನ್ನೇ ಮುಂದೆ ತರುತ್ತದೆ. ಹೊರಗಿನಿಂದ ಓದುಗರನ್ನು ಕರೆತರಲು ಬೇರೊಂದು ಬಾಗಿಲು ಬೇಕು.

ಎರಡನೆಯದು ಲೆಕ್ಕಾಚಾರ. ಬಹುಕಾಲ ನಡೆದುಬಂದ ದರದ ಪ್ರಕಾರ, ಉಚಿತ ಖಾತೆ ಇಟ್ಟುಕೊಂಡವರಿಗೆ ಬೆಲೆಯ ಶೇ. 55 ಸಿಗುತ್ತಿತ್ತು, ಅದರಲ್ಲೂ ಪ್ರತಿ ಸಾಮಗ್ರಿಗೆ 30 ಸೆಂಟ್ ಕಡಿತ. ವರ್ಷಕ್ಕೆ 59.95 ಡಾಲರ್ ಕಟ್ಟಿದವರಿಗೆ ಶೇ. 80. ಮೂರು ಡಾಲರಿನ ಒಂದು ಹಾಳೆಗುಚ್ಛ ಮಾರಿದರೆ ಉಚಿತ ಖಾತೆಯವರಿಗೆ ಉಳಿಯುವುದು 1.35 ಡಾಲರ್, ಶುಲ್ಕ ಕಟ್ಟಿದವರಿಗೆ 2.40. ಅಂದರೆ ವರ್ಷಕ್ಕೆ ಅರವತ್ತು ಪ್ರತಿ ಮಾರಿದರೂ ಶುಲ್ಕ ಗಿಟ್ಟುತ್ತದೆ. ಆ ಮೊದಲ ಅರವತ್ತು ಕೊಳ್ಳುಗರನ್ನು ಹುಡುಕಿ ತರುವುದೇ ಹೊಸಬರ ಪಾಡು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಂಬಿಕೆ. ಪಿಡಿಎಫ್ ಒಂದನ್ನು ಪೂರ್ತಿ ತಿರುವಿ ನೋಡಿ ಕೊಳ್ಳಲಾಗದು. ಒಂದು ಮುಖಪುಟ, ನಾಲ್ಕಾರು ಪುಟಗಳ ಮಾದರಿ, ಕೊಂಡವರ ಮೆಚ್ಚುಗೆಯ ನಕ್ಷತ್ರಗಳು, ಇಷ್ಟೇ ಆಧಾರ. ನಕ್ಷತ್ರ ಕೊಟ್ಟವರಿಗೆ ಮುಂದಿನ ಖರೀದಿಗೆ ರಿಯಾಯಿತಿ ಅಂಕಗಳೂ ಸಿಗುವುದರಿಂದ ಆ ಮೆಚ್ಚುಗೆಯ ತೂಕವನ್ನು ಸ್ವಲ್ಪ ಇಳಿಸಿಯೇ ನೋಡಬೇಕು. ಈ ಹಾಳೆಯನ್ನು ಯಾವ ಮಕ್ಕಳಿಗೆ ಕೊಟ್ಟೆ, ಎಲ್ಲಿ ಎಡವಿದರು, ಆಮೇಲೆ ಏನು ಬದಲಿಸಿದೆ ಎಂದು ವಿವರವಾಗಿ ಹೇಳಲು ಅಂಗಡಿಯ ಪುಟದಲ್ಲಿ ಜಾಗವಿಲ್ಲ. ಬ್ಲಾಗಿನಲ್ಲಿ ಇದೆ. ಹಳೆಯ ಮನೆಗಳಲ್ಲಿ ವ್ಯವಹಾರಕ್ಕೆ ಬಂದವರು ಮೊದಲು ಜಗಲಿಯಲ್ಲಿ ಕೂತು ಮಾತಾಡಿ, ಆಮೇಲೆ ಒಳಗೆ ಬರುತ್ತಿದ್ದರಲ್ಲ, ಬ್ಲಾಗು ಮಾಡುವ ಕೆಲಸವೂ ಅದೇ.

ದಿನಚರಿಯಿಂದ ಉದ್ದೇಶದ ಬರಹಕ್ಕೆ

ಬ್ಲಾಗರ್ ಸೇವೆ 2003ರಲ್ಲಿ ಗೂಗಲ್ ಪಾಲಾಯಿತು, ವರ್ಡ್‌ಪ್ರೆಸ್ ಬಂದದ್ದೂ ಅದೇ ವರ್ಷ. ಅಮೆರಿಕದ ಪ್ರಾಥಮಿಕ ಶಾಲಾ ಶಿಕ್ಷಕಿಯರ ಬ್ಲಾಗುಗಳು ಹುಲುಸಾಗಿ ಬೆಳೆದದ್ದು ಸುಮಾರು 2010ರ ನಂತರ. ಆಗಿನ ಬರಹ ಹೆಚ್ಚಾಗಿ ದಿನಚರಿ: ಈ ವಾರ ತರಗತಿಯಲ್ಲಿ ಏನಾಯಿತು, ಗೋಡೆಯನ್ನು ಹೇಗೆ ಸಿಂಗರಿಸಿದೆ, ಯಾವ ಕತೆ ಓದಿ ಹೇಳಿದೆ. 'ಲಿಂಕಿ ಪಾರ್ಟಿ' ಎಂಬ ರೂಢಿ ಆಗ ಜೋರಾಗಿತ್ತು. ಒಬ್ಬರು ವಿಷಯ ಕೊಡುತ್ತಿದ್ದರು, ಉಳಿದವರು ಅದರ ಬಗ್ಗೆ ಬರೆದು ತಮ್ಮ ಕೊಂಡಿಯನ್ನು ಅಲ್ಲಿ ಅಂಟಿಸುತ್ತಿದ್ದರು. ಓದುಗರು ಪರಸ್ಪರ ಹಂಚಿಕೆಯಾಗುತ್ತಿದ್ದರು.

2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ ಬ್ಲಾಗುಗಳನ್ನು ಒಂದೆಡೆ ಓದುತ್ತಿದ್ದವರು ಚೆದುರಿದರು. ಅಷ್ಟರಲ್ಲಿ 2010ರಲ್ಲಿ ಬಂದಿದ್ದ, ಚಿತ್ರಗಳನ್ನು ಜೋಡಿಸಿಡುವ ಪಿಂಟರೆಸ್ಟ್ ತಾಣ ಶಿಕ್ಷಕರ ನಡುವೆ ಬೇರು ಬಿಟ್ಟಿತ್ತು. ಪಾಠಕ್ಕೆ ಸಾಮಗ್ರಿ ಎಲ್ಲಿ ಹುಡುಕುತ್ತೀರಿ ಎಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ ಅಮೆರಿಕದ ಶಿಕ್ಷಕರನ್ನು ಕೇಳಿದಾಗ ಗೂಗಲ್, ಪಿಂಟರೆಸ್ಟ್, ಟೀಚರ್ಸ್ ಪೇ ಟೀಚರ್ಸ್ ಮುಂಚೂಣಿಯಲ್ಲಿದ್ದವು. ಬರೆಯುವವರ ಚಿತ್ತ ಬದಲಾದದ್ದು ಇಲ್ಲಿಯೇ. ದಿನವೂ ಬಂದು ಓದುವ ಗೆಳೆಯರಿಗಾಗಿ ಬರೆಯುವುದು ಒಂದು ರೀತಿ. ಭಾನುವಾರ ರಾತ್ರಿ ಗೂಗಲಿನಲ್ಲಿ ಒಂದು ಪ್ರಶ್ನೆ ಟೈಪಿಸುವ, ಮತ್ತೆಂದೂ ಬಾರದಿರಬಹುದಾದ ಅಪರಿಚಿತೆಗಾಗಿ ಬರೆಯುವುದು ಇನ್ನೊಂದು. 'ಉದ್ದೇಶವಿಟ್ಟುಕೊಂಡು ಬರೆಯಿರಿ' ಎಂದು ಅನುಭವಿಗಳು ಹೇಳುವುದು ಈ ಎರಡನೆಯದನ್ನು.

ಹಾಗೆ ಬರೆಯುವವರ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಒಂದು ಬರಹಕ್ಕೆ ಒಂದೇ ಪ್ರಶ್ನೆ, ಒಂದೇ ಸಾಮಗ್ರಿ, ಓದಿ ಮುಗಿಸಿದವರಿಗೆ ಒಂದೇ ಮುಂದಿನ ಹೆಜ್ಜೆ. ಶೀರ್ಷಿಕೆಯಲ್ಲಿ ಶಿಕ್ಷಕರು ಹುಡುಕುವ ಮಾತೇ ಇರಬೇಕು. ಶಾಲೆಯ ಪಂಚಾಂಗ ಕೈಯಲ್ಲಿರಬೇಕು: ಅಲ್ಲಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಶಾಲಾರಂಭ, ಫೆಬ್ರವರಿಯ ಹೊತ್ತಿಗೆ ಶಾಲಾ ವರ್ಷದ 'ನೂರನೇ ದಿನ'ದ ಸಂಭ್ರಮ, ವಸಂತದಲ್ಲಿ ಪರೀಕ್ಷೆಯ ತಯಾರಿ. ಹುಡುಕುಯಂತ್ರ ಹೊಸ ಬರಹವನ್ನು ಗುರುತಿಸಲು ಸಮಯ ಹಿಡಿಯುವುದರಿಂದ ಬರಹ ವಾರಗಳ ಮುಂಚೆಯೇ ಹೊರಬಿದ್ದಿರಬೇಕು. ಪಿಂಟರೆಸ್ಟಿಗೆ ಉದ್ದನೆಯ ಚಿತ್ರವೊಂದು ಬೇಕು. ಹಳೆಯ ಬರಹವನ್ನು ವರ್ಷಕ್ಕೊಮ್ಮೆ ತಿದ್ದಿ ಹೊಸತು ಮಾಡಬೇಕು. ಒಂದು ಉಚಿತ ಮಾದರಿ ಕೊಟ್ಟು ಓದುಗರ ಇಮೇಲ್ ವಿಳಾಸ ಪಡೆಯಬೇಕು. ಪಿಂಟರೆಸ್ಟ್, ಗೂಗಲ್, ಮಾರುಕಟ್ಟೆಯ ತಾಣ ಎಲ್ಲವೂ ಪರರ ಜಾಗ. ವಿಳಾಸಗಳ ಪಟ್ಟಿಯೊಂದೇ ಮಾರುವವರ ಸ್ವಂತದ್ದು.

ಇಷ್ಟು ಕಲಿತವರು ಸಾವಿರಾರು ಮಂದಿ. ಇದಿಷ್ಟರಿಂದಲೇ ಮಾರಾಟವಾಗುವುದಿಲ್ಲ ಎಂಬುದನ್ನೂ ಅವರಲ್ಲಿ ಬಹುಪಾಲು ಮಂದಿ ಕಂಡುಕೊಂಡಿದ್ದಾರೆ. ವ್ಯತ್ಯಾಸ ಮಾಡುವುದು ಬರಹದ ಒಳಗಿನ ತಿರುಳು.

ಒಂದು ನಿದರ್ಶನ ನೋಡಬಹುದು. ಮೂರನೆಯ ಒಂದು ಭಾಗ ದೊಡ್ಡದೋ ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂದರೆ ಎಷ್ಟೋ ಮಕ್ಕಳು ನಾಲ್ಕನೆಯದು ಎನ್ನುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಭಿನ್ನರಾಶಿಯ ಹಾಳೆ ಮಾರುವ ಶಿಕ್ಷಕಿ 'ನನ್ನ ಹೊಸ ಹಾಳೆಗಳು ಬಂದಿವೆ, ಬಣ್ಣಬಣ್ಣವಾಗಿವೆ' ಎಂದು ಬರೆದರೆ ಅದು ಜಾಹೀರಾತು. ಬದಲಿಗೆ ಈ ತಪ್ಪು ಕಲ್ಪನೆ ಏಕೆ ಹುಟ್ಟುತ್ತದೆ, ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಮೂರಾಗಿ, ನಾಲ್ಕಾಗಿ ಮಡಿಸಿ ಒಂದರ ಪಕ್ಕ ಒಂದಿಟ್ಟರೆ ಅದು ಹೇಗೆ ಕರಗುತ್ತದೆ, ಆಮೇಲೂ ತಪ್ಪುವ ಮಗುವಿಗೆ ಯಾವ ಪ್ರಶ್ನೆ ಕೇಳಬೇಕು ಎಂದು ಪೂರ್ತಿಯಾಗಿ ಬಿಡಿಸಿ ಹೇಳಿದರೆ ಓದಿದವರು ಏನನ್ನೂ ಕೊಳ್ಳದೆ ನಾಳೆಯ ಪಾಠ ಮಾಡಬಹುದು. ಆದರೂ ಕೊಳ್ಳುವವರು ಇರುತ್ತಾರೆ. ಏಕೆಂದರೆ ಹಂತಹಂತವಾದ ಹಾಳೆಗಳು, ಉತ್ತರಸೂಚಿ, ಕಿರುಪರೀಕ್ಷೆ ಇವನ್ನೆಲ್ಲ ಕೂತು ತಯಾರಿಸಲು ಅವರಿಗೆ ಬಿಡುವಿಲ್ಲ. ತಿಳಿವಳಿಕೆ ಬ್ಲಾಗಿನಲ್ಲಿ ಉಚಿತ, ಉಳಿತಾಯವಾಗುವ ಸಮಯಕ್ಕೆ ಅಂಗಡಿಯಲ್ಲಿ ಬೆಲೆ. ಈ ವಿಭಜನೆಯನ್ನು ಸರಿಯಾಗಿ ಹಿಡಿದವರ ಬ್ಲಾಗು ಬಾಳಿದೆ. ಅರ್ಧ ಹೇಳಿ 'ಉಳಿದದ್ದಕ್ಕೆ ಕೊಳ್ಳಿ' ಎಂದವರ ಬರಹ ಓದುಗರನ್ನು ರೇಗಿಸಿದೆ.

ಗುಣಮಟ್ಟದ ಪ್ರಶ್ನೆ

ಈ ಮಾರುಕಟ್ಟೆಯ ಮೇಲಿನ ಮೊದಲ ಆಕ್ಷೇಪ ಗುಣಮಟ್ಟದ್ದು. ಥಾಮಸ್ ಬಿ. ಫೋರ್ಡ್‌ಹ್ಯಾಮ್ ಸಂಸ್ಥೆಗಾಗಿ ಸಂಶೋಧಕ ಮಾರ್ಗನ್ ಪೊಲಿಕಾಫ್ ನೇತೃತ್ವದಲ್ಲಿ 2019ರಲ್ಲಿ ಒಂದು ಪರಿಶೀಲನೆ ನಡೆಯಿತು. ಟೀಚರ್ಸ್ ಪೇ ಟೀಚರ್ಸ್ ಜೊತೆಗೆ ರೀಡ್ ರೈಟ್ ಥಿಂಕ್, ಶೇರ್ ಮೈ ಲೆಸನ್ ತಾಣಗಳಿಂದ ಪ್ರೌಢಶಾಲೆಯ ಇಂಗ್ಲಿಷ್ ಪಾಠಕ್ಕೆ ಹೆಚ್ಚು ಇಳಿಸಿಕೊಂಡ ಮುನ್ನೂರಕ್ಕೂ ಹೆಚ್ಚು ಸಾಮಗ್ರಿಗಳನ್ನು ತಜ್ಞರು ನೋಡಿದರು. ಶೇ. 64ರಷ್ಟು ಬಳಸಬಾರದ ಅಥವಾ ಬಳಸಲು ಯೋಗ್ಯವೆನ್ನಲಾಗದ ದರ್ಜೆಯವು ಎಂದು ತೀರ್ಮಾನಿಸಿದರು. ಉಚಿತ ತಾಣಗಳೂ ಈ ಪಟ್ಟಿಯಲ್ಲಿದ್ದವು ಎಂಬುದನ್ನು ಮರೆಯಬಾರದು. ಬೆಲೆಯಿದ್ದುದರಿಂದ ಕೆಟ್ಟಿತು ಎಂದು ಇದರಿಂದ ಸಾಧಿಸಲಾಗದು. ಗುಲಾಮಗಿರಿಯಂಥ ಚರಿತ್ರೆಯನ್ನು ಮಕ್ಕಳಿಂದ ಆಟವಾಗಿ ಆಡಿಸುವ ಪಾಠಗಳು ಮಾರಾಟಕ್ಕಿದ್ದುದು ಬೆಳಕಿಗೆ ಬಂದು ಛೀಮಾರಿಗೆ ಗುರಿಯಾದದ್ದೂ ಉಂಟು.

ಪಠ್ಯಪುಸ್ತಕಕ್ಕೆ ಸಂಪಾದಕರಿದ್ದಾರೆ, ಸಮಿತಿಯಿದೆ, ಜಗಳವಾದರೂ ನಡೆಯುತ್ತದೆ. ಈ ಮಾರುಕಟ್ಟೆಯಲ್ಲಿ ಯಾರೂ ಬಾಗಿಲು ಕಾಯುವುದಿಲ್ಲ. ಕಣ್ಣಿಗೆ ಹಿತವಾದ ಅಕ್ಷರ, ಮುದ್ದಾದ ಚಿತ್ರ ಇರುವುದು ಮಾರಾಟವಾಗುತ್ತದೆ. ಮುದ್ದಿನ ಚಿತ್ರಗಳನ್ನು ಬರೆದು, ವಾಣಿಜ್ಯ ಬಳಕೆಯ ಪರವಾನಗಿಯೊಡನೆ ಶಿಕ್ಷಕರಿಗೇ ಮಾರುವ ಕಲಾವಿದರ ಉಪಮಾರುಕಟ್ಟೆಯೊಂದು ಬೆಳೆದಿರುವುದೇ ಇದಕ್ಕೆ ಸಾಕ್ಷಿ.

ಬ್ಲಾಗು ಈ ಕಾಯಿಲೆಯನ್ನು ಹೆಚ್ಚಿಸಬಲ್ಲದು, ಕಡಿಮೆಯನ್ನೂ ಮಾಡಬಲ್ಲದು. ಚಿತ್ರಗಳ ಮೆರವಣಿಗೆಯಾದರೆ ಮುದ್ದಿನ ವ್ಯಾಪಾರಕ್ಕೆ ಮತ್ತಷ್ಟು ಬಣ್ಣ. ಪಾಠದ ಹಿಂದಿನ ಯೋಚನೆಯನ್ನು ಬಿಚ್ಚಿಟ್ಟರೆ ಓದುಗ ಶಿಕ್ಷಕರು ಅದನ್ನು ತೂಗಿ ನೋಡಬಹುದು. ಈ ಹಾಳೆಗಳನ್ನು ಯಾರಿಗೆ ಕೊಡಬಾರದು, ಯಾವ ಮಟ್ಟದ ಮಗುವಿಗೆ ಇದು ಹೊಂದದು ಎಂದು ಬರೆಯುವ ಮಾರಾಟಗಾರರು ವಿರಳ. ಅಂಥವರ ಮಾತನ್ನೇ ನಂಬಬಹುದು.

ಕಾನೂನಿನ ಮುಳ್ಳುಗಳು

ಶಾಲೆಗಾಗಿ ತಯಾರಿಸಿದ ಪಾಠ ಯಾರ ಸ್ವತ್ತು? ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆಯಂತೆ ನೌಕರಿಯ ಭಾಗವಾಗಿ ಮಾಡಿದ ಕೃತಿ ಸಾಮಾನ್ಯವಾಗಿ ಉದ್ಯೋಗದಾತರದು. ನ್ಯೂಯಾರ್ಕ್ ರಾಜ್ಯದ ಚೆರ್ರಿ ವ್ಯಾಲಿ-ಸ್ಪ್ರಿಂಗ್‌ಫೀಲ್ಡ್ ಶಾಲಾ ಜಿಲ್ಲೆಯ ಪ್ರಕರಣದಲ್ಲಿ, ಶಿಕ್ಷಕರು ತರಗತಿಗೆಂದು ಮಾಡಿದ ಪರೀಕ್ಷೆ, ಮನೆಗೆಲಸದ ಹಾಳೆಗಳು ಶಾಲೆಯ ಸ್ವತ್ತು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಹೇಳಿತು. ಅಂತರಜಾಲದಲ್ಲಿ ಪಾಠಗಳ ಮಾರಾಟ ಹಣವನ್ನೂ ಪ್ರಶ್ನೆಗಳನ್ನೂ ಒಟ್ಟಿಗೆ ತಂದಿದೆ ಎಂದು ನ್ಯೂಯಾರ್ಕ್ ಟೈಮ್ಸ್ 2009ರಲ್ಲೇ ವರದಿ ಮಾಡಿತ್ತು. ಅಂದಿನಿಂದ ಕೆಲವು ಶಾಲಾ ಜಿಲ್ಲೆಗಳು ಒಪ್ಪಂದದಲ್ಲೇ ಈ ವಿಷಯ ಸೇರಿಸಿವೆ, ಬಹಳಷ್ಟು ಕಡೆ ಕಂಡೂ ಕಾಣದಂತೆ ಬಿಟ್ಟಿದ್ದಾರೆ. 'ನಿನ್ನೆ ನನ್ನ ಶಾಲೆಯಲ್ಲಿ, ಶಾಲೆಯ ಕಂಪ್ಯೂಟರಿನಲ್ಲಿ ಇದನ್ನು ಮಾಡಿದೆ' ಎಂದು ಬ್ಲಾಗಿನಲ್ಲಿ ಉತ್ಸಾಹದಿಂದ ಬರೆದರೆ ಅದೇ ನಾಳೆ ಎದುರುಪಕ್ಷದ ಪುರಾವೆಯಾದೀತು.

ಕಳವು ಎರಡೂ ಕಡೆಯಿಂದ ಆಗುತ್ತದೆ. ಪ್ರಸಿದ್ಧ ಮಕ್ಕಳ ಪುಸ್ತಕದ ಪಾತ್ರಗಳನ್ನು ಎತ್ತಿಕೊಂಡು ಹಾಳೆ ಮಾಡುವವರಿದ್ದಾರೆ. ಶಿಕ್ಷಕರು ಮಾಡಿದ್ದನ್ನು ಬೇರೆಯವರು ಎತ್ತಿ ಹಾಕುವುದೂ ಇದೆ. 2016ರಲ್ಲಿ ಅಮೆಜಾನ್ ತನ್ನ ಇನ್‌ಸ್ಪೈರ್ ಎಂಬ ಉಚಿತ ಪಾಠತಾಣವನ್ನು ತೋರಿಸಿದ ಬೆನ್ನಿಗೇ, ಇತರರ ಕೃತಿಗಳಿವೆ ಎಂಬ ದೂರಿನಿಂದ ಕೆಲವನ್ನು ತೆಗೆಯಬೇಕಾಯಿತು.

ಬ್ಲಾಗಿಗೇ ತಗಲುವ ಎರಡು ಕಟ್ಟುಪಾಡುಗಳಿವೆ. ಹಣ ಅಥವಾ ಉಚಿತ ವಸ್ತು ಪಡೆದು ಹೊಗಳಿದರೆ ಅದನ್ನು ಹೇಳಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರ ಮಾರ್ಗಸೂಚಿಯಲ್ಲಿ ಬ್ಲಾಗಿಗರನ್ನೂ ಸೇರಿಸಿತು. ವಿದ್ಯಾರ್ಥಿಗಳ ದಾಖಲೆಗಳ ಗೌಪ್ಯತೆಗೆ 1974ರಿಂದಲೂ ಪ್ರತ್ಯೇಕ ಕಾಯಿದೆ ಇದೆ. ಕಾಯಿದೆ ಇರಲಿ ಬಿಡಲಿ, ತಪ್ಪು ಮಾಡಿದ ಮಗುವಿನ ಬರವಣಿಗೆ, ಹೆಸರು, ಮುಖ ಇವು ಶಿಕ್ಷಕರ ಸರಕಿನ ಪ್ರಚಾರಕ್ಕೆ ಬಳಕೆಯಾಗಬಾರದು.

ಹಂಚುವುದೋ, ಮಾರುವುದೋ?

ಪಕ್ಕದ ತರಗತಿಯ ಟೀಚರಿಗೆ ಕೇಳಿದೊಡನೆ ಕೊಡುತ್ತಿದ್ದುದನ್ನು ಈಗ ಮಾರುವುದು ಸರಿಯೇ ಎಂಬ ನೈತಿಕ ತಕರಾರು ಹಳೆಯದು. 2002ರಲ್ಲಿ ಯುನೆಸ್ಕೊ ಸಭೆಯಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರು ಪಡೆದ ಚಳವಳಿ, 2012ರಲ್ಲಿ ಅಮೆರಿಕದ ಶಿಕ್ಷಕರ ಒಕ್ಕೂಟವೊಂದು ಸೇರಿ ಆರಂಭಿಸಿದ ಶೇರ್ ಮೈ ಲೆಸನ್, ಇವು ಉಚಿತದ ಪಕ್ಷ. ಮಾರುವವರ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ಪ್ರಕಾಶಕರು ಅದೇ ಪಾಠ ಮಾರಿದರೆ ಯಾರೂ ಪ್ರಶ್ನಿಸುವುದಿಲ್ಲ, ರಾತ್ರಿ ನಿದ್ದೆಗೆಟ್ಟು ಮಾಡಿದ ಶಿಕ್ಷಕಿ ಮಾರಿದರೆ ಮಾತ್ರ ತ್ಯಾಗದ ಪಾಠ ಹೇಳುತ್ತಾರೆ. ಸಂಬಳ ಸಾಲದ ವೃತ್ತಿಯಲ್ಲಿ ಈ ಆದಾಯ ಹಲವರನ್ನು ತರಗತಿಯಲ್ಲೇ ಉಳಿಸಿದೆ. ಮಾರಾಟ ಹೆಚ್ಚಾಗಿ ತರಗತಿಯನ್ನೇ ಬಿಟ್ಟವರೂ ಇದ್ದಾರೆ. ಹಾಗೆ ಬಿಟ್ಟ ಮೇಲೆ ಬ್ಲಾಗಿನಲ್ಲಿ ಬರೆಯಲು ಹೊಸ ಅನುಭವ ಎಲ್ಲಿಂದ ಬರಬೇಕು ಎಂಬುದು ಬೇರೆಯದೇ ತೊಡಕು.

ಈ ಜಗಳದಲ್ಲಿ ಬ್ಲಾಗು ನಡುವಿನ ದಾರಿ. ಹಾಳೆಗೆ ಬೆಲೆ ಇಟ್ಟವರೂ ವಿಧಾನವನ್ನು ಬ್ಲಾಗಿನಲ್ಲಿ ಹಂಚಬಹುದು. ವೃತ್ತಿಯ ಸಾಮೂಹಿಕ ತಿಳಿವಳಿಕೆ ಬೆಳೆಯುವುದು ವಿಧಾನದಿಂದಲೇ.

ಯಂತ್ರ ಬರೆಯುವ ಕಾಲದಲ್ಲಿ

ಗೂಗಲ್ 2011ರಲ್ಲಿ 'ಪಾಂಡಾ' ಎಂಬ ಬದಲಾವಣೆಯಿಂದ ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಿತು, 2022ರಲ್ಲಿ ಇನ್ನೊಮ್ಮೆ ಅದೇ ಉದ್ದೇಶದ ಬದಲಾವಣೆ ತಂದಿತು. 2024ರಿಂದ ಅಮೆರಿಕದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯ ಸಾರಾಂಶವೇ ಹುಡುಕಾಟದ ನೆತ್ತಿಯಲ್ಲಿ ಕಾಣುತ್ತದೆ, ಬ್ಲಾಗಿಗೆ ಹೋಗುವ ಅಗತ್ಯವೇ ಇಲ್ಲದಂತೆ. ಇತ್ತ 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಕ್ಷಣಾರ್ಧದಲ್ಲಿ ಇಪ್ಪತ್ತು ಲೆಕ್ಕಗಳ ಹಾಳೆ ಕೊಡುತ್ತದೆ. ಸಾಮಾನ್ಯ ಹಾಳೆಗೂ ಸಾಮಾನ್ಯ ಬ್ಲಾಗಿಗೂ ಇದು ಒಟ್ಟಿಗೇ ಬಿದ್ದ ಪೆಟ್ಟು. 'ಓದುವಿಕೆ ಸುಧಾರಿಸಲು ಹತ್ತು ಉಪಾಯ' ಎಂಬಂಥ ಪಟ್ಟಿಗಳನ್ನು ಯಂತ್ರವೇ ಬರೆಯುತ್ತದೆ. ಇದೇ ಹಾಳೆ ಇಂಥ ಮಕ್ಕಳ ಮುಂದೆ ಹೇಗೆ ನಡೆಯಿತು, ಎಲ್ಲಿ ಸೋತಿತು ಎಂಬ ಸಾಕ್ಷ್ಯ ಮಾತ್ರ ಯಂತ್ರದ ಬಳಿ ಇಲ್ಲ.

ಕನ್ನಡದ ಶಿಕ್ಷಕರಿಗೆ

ನಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗು. ಬ್ಲಾಗು ಇದೆ, ಅಂಗಡಿ ಇಲ್ಲ. ಕನ್ನಡ ಮಾಧ್ಯಮದ ಎಷ್ಟೋ ಶಿಕ್ಷಕರು ವರ್ಷಗಳಿಂದ ಬ್ಲಾಗಿನಲ್ಲಿ ನೋಟ್ಸ್, ಪಾಠಯೋಜನೆ, ಪದ್ಯಗಳ ಧ್ವನಿಮುದ್ರಿಕೆ, ಎಸ್‌ಎಸ್‌ಎಲ್‌ಸಿ ಮಾದರಿ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜುಗಳನ್ನು ಉಚಿತವಾಗಿ ಹಾಕುತ್ತ ಬಂದಿದ್ದಾರೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, 2017ರ ಶಿಕ್ಷಕರ ದಿನದಂದು ಬಂದ ದೀಕ್ಷಾ ವೇದಿಕೆ, ಪಠ್ಯಪುಸ್ತಕದಲ್ಲಿನ ಕ್ಯೂಆರ್ ಕೋಡ್ ಇವೆಲ್ಲ ಹಂಚಿಕೆಯ ಪರಂಪರೆಯವೇ. ಆದರೆ ಒಬ್ಬರು ಶ್ರಮಪಟ್ಟು ಮಾಡಿದ ಪಿಡಿಎಫ್, ಹೆಸರು ಅಳಿಸಿಕೊಂಡು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವುದು ಇಲ್ಲಿನ ಮಾಮೂಲು ಸಂಗತಿ. ಮೂಲ ಎಲ್ಲಿಯದು, ಯಾವಾಗಿನದು, ಹೊಸ ಪಠ್ಯಕ್ಕೆ ಹೊಂದುತ್ತದೆಯೇ ಎಂಬುದನ್ನು ಕಂಡುಕೊಳ್ಳಲು ಬ್ಲಾಗಿನ ಪುಟವೇ ದಾರಿ.

ಮಾರುವ ಮನಸ್ಸಿರುವವರು ಮೊದಲು ಎರಡು ಕಾನೂನು ನೋಡಿಕೊಳ್ಳಬೇಕು. ಸರ್ಕಾರಿ ನೌಕರರು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡುವುದನ್ನು ಸೇವಾ ನಡತೆ ನಿಯಮಗಳು ತಡೆಯುತ್ತವೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಪ್ರಕರಣದಂತೆ ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರದು. ಮಾರಾಟಕ್ಕೆ ಹೆಚ್ಚು ಸ್ವತಂತ್ರರು ನಿವೃತ್ತರು, ಮನೆಪಾಠದವರು, ಸ್ವಂತ ಸಾಮಗ್ರಿ ತಯಾರಿಸುವವರು. ಕೊಳ್ಳುವವರೂ ಇಲ್ಲದಿಲ್ಲ. ಅಮೆರಿಕದಲ್ಲಿ ವಾರಾಂತ್ಯದ 'ಕನ್ನಡ ಕಲಿ' ತರಗತಿ ನಡೆಸುವವರ ಮುಂದೆ ಕೂತಿರುವುದು ಕನ್ನಡ ಕೇಳಿ ಗೊತ್ತಿದ್ದು ಓದಲು ಬಾರದ ಮಕ್ಕಳು. ಇಲ್ಲಿನ ಒಂದನೇ ತರಗತಿಯ ಪಠ್ಯ ಅವರಿಗೆ ಹಾಗೆಯೇ ಹೊಂದುವುದಿಲ್ಲ.

ತಾಂತ್ರಿಕವಾಗಿ ಒಂದು ಮಾತು. 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಕಡತವೂ ಸ್ಕ್ಯಾನ್ ಮಾಡಿದ ಹಾಳೆಯೂ ಕನ್ನಡದಲ್ಲಿ ಹುಡುಕುವವರಿಗೆ ಸುಲಭವಾಗಿ ಸಿಗುವುದಿಲ್ಲ. ಅಂಥ ಕಡತದ ಬಗ್ಗೆ ಯುನಿಕೋಡ್ ಕನ್ನಡದಲ್ಲಿ ನಾಲ್ಕು ಪ್ಯಾರಾ ಬರೆದು ಬ್ಲಾಗಿನಲ್ಲಿಟ್ಟರೆ ಸಾಮಗ್ರಿಗೆ ವಿಳಾಸ ಬಂದಂತೆ. ಜೂನ್‌ನ ಶಾಲಾರಂಭ, ರೂಪಣಾತ್ಮಕ (ಎಫ್‌ಎ) ಮತ್ತು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನಗಳು, ಬೇಸಿಗೆ ರಜೆಗೆ ಮುಂಚಿನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇವೇ ನಮ್ಮ ಪಂಚಾಂಗ.

ಒಟ್ಟಾರೆ ತೀರ್ಮಾನ ಹೀಗೆ. ಅಂಗಡಿಯನ್ನು ತುಂಬಿಸುವ ಯಂತ್ರವೆಂದು ಬ್ಲಾಗನ್ನು ನೋಡಿದವರಿಗೆ ಅದು ಬೇಸರದ ದುಡಿಮೆ, ಹುಡುಕುಯಂತ್ರದ ಪ್ರತಿ ಬದಲಾವಣೆಗೂ ತತ್ತರಿಸುವ ದುಡಿಮೆ. ಕಾವಲಿಲ್ಲದ ಮಾರುಕಟ್ಟೆಯಲ್ಲಿ ಮಾರುವವರು ತಮ್ಮ ಸರಕಿಗೆ ತಾವೇ ಕೊಡುವ ಲೆಕ್ಕವೆಂದು ಬರೆದವರ ಬ್ಲಾಗಿಗೆ ಮಾತ್ರ ಇನ್ನೂ ಬೆಲೆ ಉಳಿದಿದೆ. ಆದ್ದರಿಂದ ಮಾರುವ ಶಿಕ್ಷಕರಿಗೆ ಹೇಳಬೇಕಾದದ್ದು ಇಷ್ಟು: ನಿಮ್ಮ ಬರಹ ಓದಿದವರು ಒಂದು ಪೈಸೆ ಕೊಡದೆಯೂ ನಾಳೆಯ ಪಾಠವನ್ನು ಚೆನ್ನಾಗಿ ಮಾಡುವಂತಿರಲಿ. ಕೊಳ್ಳುವ ಶಿಕ್ಷಕರಿಗೆ: ಹೇಗೆ ಬಳಸಬೇಕು, ಯಾರಿಗೆ ಹೊಂದದು ಎಂದು ಎಲ್ಲಿಯೂ ಬರೆಯದವರ ಸಾಮಗ್ರಿಯನ್ನು, ಮುಖಪುಟ ಎಷ್ಟೇ ಚೆಂದವಿರಲಿ, ಕೊಳ್ಳಬೇಡಿ.